ಒಂದ ಗಂಟು, ಒಂದ ಹೆಗಲು

ಗಂಟಿನ ಎರಡನೆಯ ಮಡಿಕೆ ಬಿಚ್ಚುತ್ತಿದ್ದಂತೆ ಸಣ್ಣಗೆ ನಾತ ಬಂತು. ಕಾಶೆವ್ವ ಕೈ ಹಿಂದಕ್ಕೆ ಎಳೆದುಕೊಂಡು, ಕಟ್ಟಿಗೆಯ ತುದಿಯಿಂದ ಕೌದಿ ಸರಿಸಿದಳು. ಬಿತ್ತನೆ ಜೋಳದ ಚೀಲ ತೂತಾಗಿತ್ತು. ಚೆಲ್ಲಿದ ಕಾಳಿನ ನಡುವೆ ಒಂದು ಇಲಿ ಕಾಲು ಮೇಲೆ ಮಾಡಿ ಸತ್ತು ಬಿದ್ದಿತ್ತು.

"ಇಲ್ಲಿ ನೋಡ ಬರ್ರಿ," ಎಂದು ಗಂಡನನ್ನು ಕರೆದಳು. ಕೂಗಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ಊರಾಗಿನ ಇಲಿಗೆ ಅಂಜಿ ಹೊಲಕ್ಕ ಬಂದ್ರ, ಇದು ನಮ್ಮ ಗಂಟಿನ್ಯಾಗ ಕುಂತ ಬಂದೈತಿ."

ಐದು ವರ್ಷದಲ್ಲಿ ಹೀಗೆ ಮನೆ ಬಿಟ್ಟದ್ದು ಇದು ನಾಲ್ಕನೆಯ ಸಲ. ಊರಲ್ಲಿ ಇಲಿ ಸತ್ತು ಬಿದ್ದವೆಂದರೆ ಹಿಂದೆಯೇ ಗಂಟುಬೇನೆ. ಕಂಕುಳಲ್ಲೋ ಕುತ್ತಿಗೆಯಲ್ಲೋ ಒಂದು ಗಂಟು ಏಳುವುದು, ಮೂರನೆಯ ದಿನಕ್ಕೆ ಮಣ್ಣು. ಡಂಗುರ ಸಾರಿದ ಕೂಡಲೇ ಊರಿಗೆ ಊರೇ ಹೊಲಕ್ಕೆ ಬಂದು ಜೋಳದ ಕಣಕಿಯ ಗುಡಿಸಲು ಹಾಕಿಕೊಳ್ಳುತ್ತಿತ್ತು. ನಿನ್ನೆಯೂ ಅಷ್ಟೇ. ಲಕ್ಕಪ್ಪ ಬಸುರಿ ಮಗಳು ಶಿವಗಂಗವ್ವನನ್ನು ಬಂಡಿಯಲ್ಲಿ ಕೂರಿಸಿಕೊಂಡು ಮುಂದೆ ಬಂದಿದ್ದ. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದವಳು, ತವರೇ ಬಿಟ್ಟು ಹೊರಡಬೇಕಾಯಿತು. ಕಾಶೆವ್ವ ಮನೆಗೆ ಕೀಲಿ ಹಾಕಿ, ಎಮ್ಮೆ ಹೊಡೆದುಕೊಂಡು, ಹೊತ್ತು ಮುಳುಗುವ ಮುಂದೆ ಬಂದು ಸೇರಿದ್ದಳು.

ಉಳಿದವರು ಹೊರಡುವ ಗಳಿಗೆಯಲ್ಲಿ ಅದೆಲ್ಲಿ ಇದೆಲ್ಲಿ ಎಂದು ಎದೆ ಬಡಿದುಕೊಳ್ಳುವಾಗ ಲಕ್ಕಪ್ಪ ಮಾತ್ರ ಮೀಸೆಯ ಮೇಲೆ ಕೈಯಾಡಿಸುತ್ತ ನಿಲ್ಲುತ್ತಿದ್ದ. ಅವನ ಗಂಟು ವರ್ಷವಿಡೀ ಕಟ್ಟಿದ್ದೇ. ಬಿತ್ತನೆ ಕಾಳು, ಒಂದು ತಪ್ಪಲಿ, ಹೊಲದ ಕಾಗದ, ಮೇಲೊಂದು ದಪ್ಪ ಕೌದಿ. ಬಾಗಿಲ ಹಿಂದೆ ಇಟ್ಟದ್ದನ್ನು ಯಾರೂ ಮುಟ್ಟುವ ಹಾಗಿಲ್ಲ, ಬಿಸಿಲಿಗೆ ಹಾಕುವ ಹಾಗಿಲ್ಲ. "ಕಾಳು ಕಾಗದಾ ಕೂಡೇ ಕಟ್ಟಬ್ಯಾಡ್ರಿ, ಇಲಿ ಬರ್ತಾವು" ಎಂದು ಹೇಳಿ ಹೇಳಿ ಕಾಶೆವ್ವನ ಬಾಯಿ ಸೋತಿತ್ತು. "ಒಂದ ಗಂಟು, ಒಂದ ಹೆಗಲು! ಎರಡನೇದ್ದು ನಿಮ್ಮಪ್ಪ ಬಂದು ಹೊರತಾನೇನ?" ಎನ್ನುತ್ತಿದ್ದ ಅವನು.

ಈಗ ಬಂದು ನೋಡಿದ. ಬೈಯಲಿಲ್ಲ. ನೋಡಿದ ಕಣ್ಣು ಹಾಗೇ ನಿಂತಿತು.

ಕಾಶೆವ್ವ ಕಾಗದದ ಕಟ್ಟನ್ನು ಕಟ್ಟಿಗೆಯಿಂದ ಈಚೆಗೆ ಎಳೆದಳು. ಒಂದು ಮೂಲೆ ಇಲಿ ತಿಂದಿತ್ತು. ಬರಹ ಉಳಿದಿತ್ತು, ಮಾವನ ಹೆಬ್ಬೆಟ್ಟೂ ಉಳಿದಿತ್ತು. ಅವಳಿಗೆ ಹೋದ ಜೀವ ಬಂತು. ಬಾವಿಯ ಕಡೆಯ ಹೊಲ ಹಿರಿಯ ಮಗ ಲಕ್ಕಪ್ಪನಿಗೆ ಎಂದು ಪಾಲು ಮಾಡಿ ಬರೆದ ವಾಟ್ಣಿಪತ್ರ ಅದು. ಹೆಣದ ಕೈ ಹಿಡಿದು ಒತ್ತಿಸಿಕೊಂಡ ಹೆಬ್ಬೆಟ್ಟು ಎಂದು ಮೈದುನ ಖಂಡೆಪ್ಪ ತಕರಾರು ತೆಗೆದು, ಬಾವಿಯ ದಾರಿಗೆ ಮುಳ್ಳು ಹಚ್ಚಿದ್ದ. ಅಂದಿನಿಂದ ಮೂರು ವರ್ಷ ಅವಳು ಹಳ್ಳದಿಂದ ನೀರು ಹೊತ್ತಿದ್ದಳು. ಬರುವ ಸೋಮವಾರ ಗೋಕಾಕದ ಕೋರ್ಟಿನಲ್ಲಿ ಈ ಕಾಗದ ತೋರಿಸಬೇಕು. ಇದರ ಇನ್ನೊಂದು ಪ್ರತಿ ಇರಲಿಲ್ಲ.

ಖಂಡೆಪ್ಪನ ಗುಡಿಸಲು ಬಾಜೂಕ್ಕೇ ಇತ್ತು. ಹತ್ತು ಹೆಜ್ಜೆ ದೂರ ನಿಂತು, ಮೂಗಿಗೆ ತಲೆಯ ಪಟಗದ ಸೆರಗು ಹಿಡಿದು ಕೇಳಿದ: "ಏನಪಾ ಅಣ್ಣಾ, ಅಪ್ಪನ ಹೆಬ್ಬೆಟ್ಟ ಇಲಿ ಓದಿ ನೋಡೇತೇನ? ಖರೆ ಅಂತೋ, ಸುಳ್ಳಂತೋ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಲಕ್ಕಪ್ಪ ಕುಡಗೋಲು ಎತ್ತುತ್ತಿದ್ದ. ಇಂದು ತಿರುಗಿಯೂ ನೋಡಲಿಲ್ಲ.

"ಬೆಂಕಿ ತಾ," ಎಂದ ಹೆಂಡತಿಗೆ.

"ಕೌದಿ ಸುಡೂನು, ಕಾಳೂ ಸುಡೂನು. ಕಾಗದ ಮಾತ್ರ ಬ್ಯಾಡ್ರಿ. ಬಿಸಲಿಗೆ ಹಾಕೂನು, ಬೇವಿನ ಹೊಗಿ ಕೊಡೂನು."

"ಬೆಂಕಿ ತಾ ಅಂದೆ."

"ಸೋಮವಾರ ಕೋರ್ಟಿನ್ಯಾಗ ಏನ ತೋರಸ್ತೀರಿ, ನಿಮ್ಮ ಮಾರಿ? ನಾ ಸಾಯೂತನಾ ಹಳ್ಳದ ನೀರ ಹೊರಲೇನ?"

ಅವನು ತಾನೇ ಹೋಗಿ ಒಲೆಯ ಕೆಂಡ ತಂದ. ಕಣಕಿ ಒಟ್ಟಿ ಉರಿ ಮಾಡಿದ. ಕೌದಿ, ಕಾಳು, ಇಲಿ ಎಲ್ಲ ಅದರೊಳಗೆ ತಳ್ಳಿ, ಹೆಂಡತಿಯ ಮುಂದಿದ್ದ ಕಾಗದದ ಕಟ್ಟನ್ನೂ ಕಾಲಿನಿಂದ ಒದ್ದು ಬೆಂಕಿಗೆ ಹಾಕಿದ.

"ಅಣ್ಣಾ! ತಲಿ ನೆಟ್ಟಗೈತೇನ ನಿಂದು?" ಖಂಡೆಪ್ಪನೇ ಎರಡು ಹೆಜ್ಜೆ ಮುಂದೆ ಬಂದ, ತೆಗೆಯುವವನ ಹಾಗೆ ಕೈ ಚಾಚಿ. ಕಾಗದ ಒಮ್ಮೆ ಬಿಚ್ಚಿಕೊಂಡಿತು. ಅಪ್ಪನ ಹೆಬ್ಬೆಟ್ಟು ಇಬ್ಬರು ಮಕ್ಕಳಿಗೂ ಕಂಡು, ಕರಕಾಗಿ ಮುದುಡಿತು.

ಕಾಶೆವ್ವ ಕುಕ್ಕರಿಸಿದಳು. ಅಳು ಬರಲಿಲ್ಲ. ಇಪ್ಪತ್ತು ವರ್ಷ ಬಾಳಿದ ಗಂಡ. ಹರಿದ ಹಗ್ಗದ ತುಂಡನ್ನೂ ಬಿಟ್ಟುಕೊಡುವ ಕುಳವಲ್ಲ. ಇಂಥದ್ದನ್ನು ಬೆಂಕಿಗೆ ಒದೆಯಲು ಅವನಿಗೆ ಏನು ಬಡಿಯಿತೆಂದು ಮುಖ ನೋಡಿದಳು. ಅವನು ಬೆಂಕಿಯ ಕಡೆ ನೋಡುತ್ತಿರಲಿಲ್ಲ. ಗುಡಿಸಲಿನ ಬಾಗಿಲು ನೋಡುತ್ತ ನಿಂತಿದ್ದ.

"ಅಪ್ಪಾ," ಒಳಗಿನಿಂದ ಶಿವಗಂಗವ್ವ ಕರೆದಳು. "ನಿನ್ನೆ ಬಂಡಿಯಾಗ ನನ್ನ ತಲಿ ಕೆಳಗ ಇಟ್ಟಿದ್ದ್ಯಲ್ಲಾ, ಆ ಗಂಟ ಇತ್ತ ಕೊಡು. ಕುತ್ತಿಗಿ ಯಾಕೋ ಹಿಡದೈತಿ."