ಬಾಗಿಲ ಸದ್ದಿನ ಟೇಪು

“ನಾನು ಮೊದಲು ಹೋದ್ರೆ, ಒಂದ್ಸಲ ಬಂದು ನಿನ್ನನ್ನ ಹೆದರಿಸದೆ ಬಿಡಲ್ಲ ಕಣೇ,” ಎಂದು ಮದುವೆಯಾದ ಹೊಸತರಲ್ಲಿ ಗಂಡ ಮಾತು ಕೊಟ್ಟಿದ್ದ. ದೆವ್ವದ ಸಿನಿಮಾಗಳಿಗೆ ಸದ್ದು ಕೂಡಿಸುವುದು ಇಬ್ಬರ ಕಸುಬು. ತೆರೆಯ ಮೇಲೆ ಲಟಕ್ಕೆಂದು ಮುರಿಯುವ ಮೂಳೆ ತನ್ನ ಕೈಯ ಮೂಲಂಗಿಯೆಂದು ಬಲ್ಲವಳು ಯಾವುದಕ್ಕೆ ಹೆದರಿಯಾಳು? ಅವನು ತೀರಿಹೋಗಿ ಮೂರು ವರ್ಷವಾಗಿತ್ತು. ಕಿಟಕಿಯ ಪರದೆ ಅಲ್ಲಾಡಿದಾಗಲೆಲ್ಲ ಆಸೆಯಿಂದ ತಿರುಗಿ ನೋಡುತ್ತಿದ್ದಳು. ಬರೀ ಗಾಳಿ.

ಈಗ ಹೊಸ ಚಿತ್ರಕ್ಕೆಂದು, ಅವನು ಹಿಂದೆ ಮುದ್ರಿಸಿಟ್ಟ ಬಾಗಿಲ ಸದ್ದಿನ ಟೇಪು ಹಾಕಿದ್ದಳು. ಕಿರ್ರೆನ್ನುವುದು ಮುಗಿದೊಡನೆ ನಿಲ್ಲಿಸಿಬಿಡುವುದು ಅವಳ ರೂಢಿ. ಅಷ್ಟರಲ್ಲಿ ಮಗಳು ಇಣುಕಿ, “ಅಮ್ಮಾ, ನಿನ್ನ ದೆವ್ವಗಳಿಗೆ ಹಸಿವೇ ಆಗಲ್ವಾ? ಊಟಕ್ಕೆ ಬಾ,” ಎಂದಳು. ನಗುತ್ತ ಅತ್ತ ತಿರುಗಿದವಳು ಟೇಪು ನಿಲ್ಲಿಸುವುದನ್ನೇ ಮರೆತಳು.

ಒಂದು ನಿಮಿಷ ಟೇಪು ಸುಮ್ಮನೆ ಓಡಿತು. ಆಮೇಲೆ ಸ್ಪೀಕರಿನಿಂದ, “ಭೌ!”

ಅವಳು ಕಿಟಾರನೆ ಕಿರುಚಿ ಕುರ್ಚಿಯಿಂದೆದ್ದಳು. ಕೈಯ ಪೆನ್ನು ಎಲ್ಲೋ ಹಾರಿತು.

“ಹೆದರಿದ್ಯೇನೇ?” ಗಂಡನ ದನಿ ಕಿಸಕ್ಕೆಂದಿತು. “ಯಾವತ್ತಾದ್ರೂ ಕೊನೇವರೆಗೆ ಕೇಳಿದ್ರೆ ತಾನೇ!”

ಮಗಳು ಬಾಯಿ ಬಿಟ್ಟು ನಿಂತಿದ್ದಳು. ತಾಯಿ ಬಡಿದುಕೊಳ್ಳುತ್ತಿದ್ದ ಎದೆಯ ಮೇಲೆ ಕೈಯಿಟ್ಟುಕೊಂಡು, “ಹೂಂ ರೀ, ಹೆದರಿದೆ,” ಎಂದು ನಕ್ಕಳು.

ಅವನು ಮಾತು ಉಳಿಸಿಕೊಂಡಿದ್ದ.