ನಾಲ್ಕು ವಾರಕ್ಕೊಂದು ಭಾನುವಾರ

"ಇಷ್ಟು ದಿನ ಇವನ ಗ್ರಂಥಿ ಯಾರು ಹಿಂಡ್ತಿದ್ರು?" ಅಂತ ನಾಯಿ ಡಾಕ್ಟರಮ್ಮ ಕೇಳಿದಾಗ ಲೆಕ್ಕದ ಮೇಷ್ಟ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರ ನಾಯಿ ಗುಂಡ ಬಾಯಿಗೆ ಪಟ್ಟಿ ಕಟ್ಟಿಸಿಕೊಂಡು, ಮತ್ತಿನ ಇಂಜೆಕ್ಷನ್ನಿಗೆ ಅರೆಗಣ್ಣಾಗಿ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಬಾಲದ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ಬಾವು ಒಡೆದು ಕೀವು ಸೋರುತ್ತಿತ್ತು.

"ಯಾವ ಗ್ರಂಥಿ?"

"ಗುದದ ಎರಡೂ ಪಕ್ಕ ಒಂದೊಂದು ಚಿಕ್ಕ ಚೀಲ ಇರುತ್ತೆ ಮೇಷ್ಟ್ರೇ. ಮಿಕ್ಕ ನಾಯಿಗಳಿಗೆ ತಾನಾಗೇ ಖಾಲಿಯಾಗುತ್ತೆ, ಇವನಿಗೆ ಆಗಲ್ಲ. ತುಂಬಿಕೊಂಡ್ರೆ ಅಂಡು ನೆಲಕ್ಕೆ ಉಜ್ಜೋಕೆ ಶುರುಮಾಡ್ತಾನೆ. ನೀವು ನೋಡ್ಲಿಲ್ವಾ?"

ನೋಡದೆ ಏನು, ಕಣ್ತುಂಬ ನೋಡಿದ್ದರು. ಗುಂಡ ಮೂರು ತಿಂಗಳಿಂದ ಹಾಲ್ ತುಂಬ ಅಂಡು ಎಳೆದುಕೊಂಡು ಓಡಾಡುವುದನ್ನು ಮೊಬೈಲಿನಲ್ಲಿ ಹಿಡಿದು, 'ನಮ್ಮ ಹುಡುಗ ಸ್ಕೇಟಿಂಗ್ ಕಲೀತಿದ್ದಾನೆ' ಅಂತ ಸ್ಟಾಫ್ ರೂಮಿನವರಿಗೆಲ್ಲ ಕಳಿಸಿ, ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದರು. ಡಾಕ್ಟರಮ್ಮ ಗವಸು ಹಾಕಿದ ಬೆರಳಿನಿಂದ ಇನ್ನೊಂದು ಕಡೆಯ ಚೀಲ ಒತ್ತಿದರು. ಅಬ್ಬಬ್ಬಾ, ಅದೇನು ನಾತ! ಕೊಳೆತ ಮೀನಿಗೆ ತುಕ್ಕು ಬೆರೆತ ಹಾಗೆ. ಮೇಷ್ಟ್ರು ಮೂಗು ಮುಚ್ಚಿಕೊಂಡು ಬಾಗಿಲಿಗೆ ಓಡಿದರು.

"ಬಾಗಿಲು ತೆಗೀಬೇಡಿ, ಹೊರಗೆ ಜನ ಕೂತಿದ್ದಾರೆ! ಮನೇಲಿ ಎಲ್ಲರಿಗೂ ವಾಸನೆ ಬಡಿಯುತ್ತೆ, ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಮಾಡಿ ಅಂತ ನಿಮ್ಮ ಮೇಡಂಗೂ ಹೇಳಿದ್ದೆ. ಇಲ್ಲಿಗೆ ಕರ್ಕೊಂಡು ಬಂದ್ರೆ ಇವನು ಎಲ್ಲರಿಗೂ ಕಚ್ಚೋಕೆ ಹೋಗ್ತಿದ್ದ. ಮೇಡಂ ಮಾತಾಡಿಸ್ತಾ ಇದ್ರೆ ಮಾತ್ರ ಮಗು ಥರ ನಿಲ್ತಿದ್ದ. ಅದಕ್ಕೇ ಅವರಿಗೇ ಕಲಿಸಿಕೊಟ್ಟೆ." ಡಾಕ್ಟರಮ್ಮ ಫೈಲು ತಿರುವಿದರು. "ಇಲ್ಲೇ ಬರೆದಿದೆ ನೋಡಿ. ಆರು ವರ್ಷದಿಂದ, ನಾಲ್ಕು ವಾರಕ್ಕೊಂದು ಭಾನುವಾರ. ಅವರೆಲ್ಲಿ, ಊರಲ್ಲಿಲ್ವಾ?"

ಈ ಲೆಕ್ಕ ಮೇಷ್ಟ್ರಿಗೆ ಬಾಯಿಪಾಠ. ವಿಚ್ಛೇದನದ ಅರ್ಜಿಯಲ್ಲಿ ತಾರೀಕಿನ ಸಮೇತ ಬರೆಸಿದವರೇ ಅವರು. ಇಂತಿಂಥ ಭಾನುವಾರ, ತಾನು ಪೇಪರ್ ತರಲು ಹೋದ ಹೊತ್ತು ನೋಡಿ, ಹೆಂಡತಿ ಬಾತ್‌ರೂಮಿನ ಚಿಲಕ ಹಾಕಿಕೊಂಡು ಒಳಗೆ ಯಾರ ಜೊತೆಗೋ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಾಳೆ. ಬಾಗಿಲಾಚೆಯಿಂದ ಕೇಳಿಸಿಕೊಂಡು ಜಗಳ ತೆಗೆದಾಗ ಅವಳು ಅವತ್ತೇ ಹೇಳಿದ್ದಳು, "ಗುಂಡನ ಜೊತೆ ರೀ, ಅವನನ್ನ ಕ್ಲೀನ್ ಮಾಡ್ತಿದ್ದೆ" ಅಂತ. "ನಾಯಿ ತೊಳೆಯೋಕೆ ಚಿಲಕ ಯಾಕೆ? ನನ್ನ ಕಿವಿ ಮೇಲೆ ಹೂವಿಡ್ತೀಯಾ?" ಎಂದು, ಮುಂದಕ್ಕೆ ಹೇಳಲೂ ಬಿಡದೆ ಹಾರಾಡಿ, ಅವಳ ಅಣ್ಣನನ್ನು ಕರೆಸಿ ಅವನೆದುರೇ ಅವಳ ಮಾನ ಹರಾಜು ಹಾಕಿದ್ದರು. ಕೊನೆಗೆ ವಿಚ್ಛೇದನವಾಗಿ ಮನೆ ಬಿಡುವಾಗ ಅವಳು ಕೇಳಿದ್ದು ಗುಂಡನೊಬ್ಬನನ್ನೇ. ನಾಯಿಯ ಲೈಸೆನ್ಸು ತನ್ನ ಹೆಸರಲ್ಲಿದೆ ಅಂತ ಅದನ್ನೂ ಕೊಡಲಿಲ್ಲ ಪುಣ್ಯಾತ್ಮ. ನಾಯಿಯ ಮೇಲೆ ಪ್ರೀತಿ ಉಕ್ಕಿ ಹರಿದು ಅಲ್ಲ, ಅವಳ ಹೊಟ್ಟೆ ಉರಿಯಲಿ ಅಂತ. ಥೂ, ಏನು ಬುದ್ಧಿಯೋ!

ದಿನಕ್ಕೆರಡು ಸಲ ಗಾಯಕ್ಕೆ ಬಿಸಿನೀರಿನ ಬಟ್ಟೆ ಒತ್ತಬೇಕು ಅಂದಿದ್ದರು ಡಾಕ್ಟರಮ್ಮ. ಮಾರನೆಯ ಬೆಳಿಗ್ಗೆ ಮೇಷ್ಟ್ರು ಬಾಲ ಮುಟ್ಟಿದ್ದೇ ತಡ, ಗುಂಡ ಹಲ್ಲು ಕಿರಿದು ಮಂಚದ ಕೆಳಗೆ ನುಗ್ಗಿತು. ಏನು ಪುಸಲಾಯಿಸಿದರೂ ಹೊರಗೆ ಬರಲಿಲ್ಲ. ಬೇರೆ ದಾರಿ ಕಾಣದೆ, ನಾಲ್ಕು ತಿಂಗಳ ಮೇಲೆ ಮೊದಲ ಸಲ ಅವಳಿಗೆ ಫೋನು ಮಾಡಿದರು. ಗುಂಡನಿಗೆ ಹುಷಾರಿಲ್ಲ ಅಂದದ್ದಷ್ಟೇ. ಅರ್ಧ ಗಂಟೆಯಲ್ಲಿ ಬಂದಳು.

"ಬಾರೋ ನನ್ನಪ್ಪಾ, ಎಷ್ಟು ಸೊರಗಿಹೋಗಿದೀಯೋ," ಅಂದದ್ದೇ ಸಾಕಾಯಿತು. ಗುಂಡ ತೆವಳಿಕೊಂಡು ಬಂದು ಅವಳ ಮಡಿಲಲ್ಲಿ ಮುಖ ಹುದುಗಿಸಿತು. ಅವಳು ನೆಲದ ಮೇಲೇ ಕಾಲು ಚಾಚಿ ಕೂತು, ಮೆಲ್ಲಗೆ ಮಾತಾಡಿಸುತ್ತಲೇ ಬಟ್ಟೆ ಒತ್ತಿ ತೆಗೆದು, ಒತ್ತಿ ತೆಗೆದು, ಗಾಯ ಒರೆಸಿದಳು. ಅವಳ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಮೇಷ್ಟ್ರಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇವನನ್ನ ಕರ್ಕೊಂಡು ಹೋಗ್ತೀನಿ," ಅಂದಳು, ತಲೆ ಎತ್ತದೆ. "ಅವನ ಬೆಲ್ಟ್ ಕೊಡಿ."

ಮೇಷ್ಟ್ರು ಬೆಲ್ಟ್ ತಂದುಕೊಟ್ಟರು. ಅವಳು ಅದನ್ನು ಗುಂಡನ ಕೊರಳಿಗೆ ಹಾಕಿ, ಬಿಗಿಯಾಯಿತೇನೋ ಅಂತ ಬೆರಳು ತೂರಿಸಿ ನೋಡಿ, ಎದ್ದು ನಿಂತಳು.

"ನೀನೂ ವಾಪಸ್ ಬಂದ್ಬಿಡು ಕಣೇ," ಎಂದರು ಮೇಷ್ಟ್ರು. "ನನ್ನದು ತಪ್ಪಾಯ್ತು. ನಿಮ್ಮಣ್ಣನ ಕಾಲು ಬೇಕಾದ್ರೂ ಹಿಡೀತೀನಿ. ಡಾಕ್ಟರಮ್ಮ ಎಲ್ಲಾ ಹೇಳಿದ್ರು, ಫೈಲೂ ತೋರಿಸಿದ್ರು. ಈಗ ನಂಗೆ ನಿನ್ನ ಮೇಲೆ ಒಂದು ಚೂರೂ ಅನುಮಾನ ಇಲ್ಲ, ದೇವರಾಣೆ."

ಅವಳು ಗಂಡನಾಗಿದ್ದವನ ಮುಖವನ್ನು ಅವತ್ತು ಮೊದಲ ಸಲ ನೆಟ್ಟಗೆ ನೋಡಿದಳು.

"ನಾಯಿ ವಿಷಯಕ್ಕೇನೋ ಡಾಕ್ಟರಮ್ಮ ಸಾಕ್ಷಿ ಹೇಳಿದ್ರು," ಅಂದಳು. "ನಾಳೆ ನಾನು ಬಸ್ಸು ತಪ್ಪಿ ಒಂದು ಗಂಟೆ ತಡವಾಗಿ ಬಂದ್ರೆ, ಯಾವ ಡಾಕ್ಟರನ್ನ ಕರ್ಕೊಂಡು ಬರಲಿ?"