ಎರಡು ಕಂಪ್ಯೂಟರುಗಳಲ್ಲಿ ಮಾತ್ರ

‘ಮಾತು’ ಎಂಬ ಪ್ರೋಗ್ರಾಮಿನ ಹೆಸರನ್ನು ದೀಪಿಕಾ ಕೇಳಿಯೇ ಇರಲಿಲ್ಲ. ತುಮಕೂರಿನ ಪಂಪ್‌ಸೆಟ್ ಕಂಪನಿಯೊಂದರ ಹೆಡ್ಡಾಫೀಸಿನಲ್ಲಿ ಕಂಪ್ಯೂಟರ್ ವಿಭಾಗ ಅವಳದು. ಆ ತಿಂಗಳು ಹೊಸದಾಗಿ ಹಾಕಿಸಿದ್ದ ಸಾಫ್ಟ್‌ವೇರು ಕಂಪನಿಯ ನೆಟ್‌ವರ್ಕಿನಲ್ಲಿದ್ದ ಕಂಪ್ಯೂಟರುಗಳನ್ನೆಲ್ಲ ತಾನಾಗಿಯೇ ಹುಡುಕಿ, ಯಾವುದರೊಳಗೆ ಏನೇನಿದೆ, ಯಾವುದು ಯಾವಾಗ ಓಡುತ್ತದೆ ಎಂದು ಅವಳ ಮುಂದೆ ತಂದಿಟ್ಟಿತ್ತು. ಅನುಮತಿ ಇಲ್ಲದ್ದನ್ನೆಲ್ಲ ಇವತ್ತು ಸಂಜೆಯೊಳಗೆ ಅಳಿಸಿ ಎಂದು ಮ್ಯಾನೇಜರ್ ಸೋಮಶೇಖರ್ ಹೇಳಿದ್ದರು. ಆಟ, ಸಿನಿಮಾ ಎಲ್ಲ ಬ್ರಾಂಚುಗಳಲ್ಲೂ ಸಿಕ್ಕವು. ‘ಮಾತು’ ಮಾತ್ರ ಎರಡೇ ಕಂಪ್ಯೂಟರುಗಳಲ್ಲಿತ್ತು. ಒಂದು ಗುಬ್ಬಿಯಲ್ಲಿ, ಇನ್ನೊಂದು ಕುಣಿಗಲ್ಲಿನಲ್ಲಿ. ಎರಡೂ ಕಡೆ ಅದನ್ನು ದಿನಾ ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತಿದ್ದರು. ನಡುವೆ ಒಂದಕ್ಷರವೂ ಅತ್ತಿಂದಿತ್ತ ಹೋಗುತ್ತಿರಲಿಲ್ಲ.

ಕುಣಿಗಲ್ಲಿಗೆ ಫೋನ್ ಮಾಡಿದಳು. ಅಲ್ಲಿಯ ಸ್ಟೋರ್ ನೋಡಿಕೊಳ್ಳುವ ಷಡಕ್ಷರಿ ಎತ್ತಿದ.

“ಅದಾ ಮೇಡಂ? ನಾನೇ ಮಾಡಿದ್ದು. ಗುಬ್ಬೀಲಿ ಬಿಲ್ಲಿಂಗಲ್ಲಿ ಹೇಮಶ್ರೀ ಅಂತ ಇದಾರಲ್ಲ, ಅವ್ರಿಗೆ ಕಿವಿ ಕೇಳಲ್ಲ. ಸ್ಟಾಕ್ ಇದ್ಯಾ ಅಂತ ಫೋನ್ ಮಾಡಿ ಕೇಳೋ ಹಂಗಿಲ್ಲ. ಟೈಪ್ ಮಾಡ್ಕೊಂಡು ಮಾತಾಡಾಣ ಅಂತ ಮಾಡಿದ್ದು.”

“ಈಗ ಯಾರೂ ಮಾತಾಡ್ತಾನೇ ಇಲ್ವಲ್ಲ ಸರ್?”

“ಇಲ್ಲ. ಸುಮ್ನೆ ಓಪನ್ ಮಾಡಿ ಇಟ್ಟಿರ್ತೀನಿ ಅಷ್ಟೆ. ತೆಗೆದಾಕಿ ಮೇಡಂ. ಅವ್ರ ಹಳೇ ಕಂಪ್ಯೂಟರ್ ಕೆಟ್ಟು ಹೊಸದು ಬಂತಲ್ಲ, ಆ ಕಡೆ ಅವತ್ತೇ ಹೋಗಿರುತ್ತೆ.”

“ಹೋಗಿಲ್ಲ ಸರ್. ಹೊಸದಕ್ಕೂ ಹಾಕ್ಕೊಂಡಿದಾರೆ. ದಿನಾ ನಿಮಗಿಂತ ಮೊದಲೇ ಓಪನ್ ಆಗುತ್ತೆ.”

ಆ ಕಡೆ ಲಾರಿಯಿಂದ ಪೈಪು ಇಳಿಸುವ ಸದ್ದು ಕೇಳಿಸುತ್ತಿತ್ತು. ಇಳಿಸುವವರಿಗೆ ನಿಲ್ಲಿಸಿ ಎಂದು ಕೂಗಿ ಹೇಳಿ ಅವನು ಕೇಳಿದ, “ಸಾಯಂಕಾಲದವರ್ಗೂ ಬಿಡಕ್ಕಾಗುತ್ತಾ ಮೇಡಂ?”

ಕುಳಿತಲ್ಲಿಂದಲೇ ಅವಳು ಎರಡನ್ನೂ ಅಳಿಸಬಹುದಿತ್ತು. ಹಾಗೆ ಮಾಡದೆ ಗುಬ್ಬಿ ಬಸ್ಸು ಹತ್ತಿದಳು.

ಹೇಮಶ್ರೀ ಅವಳಿಗಿಂತ ಸಾಕಷ್ಟು ದೊಡ್ಡವಳು. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋದದ್ದಂತೆ. ಎದುರಿಗಿದ್ದವರ ತುಟಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ‘ಮಾತು’ ತೆಗೆಯಬೇಕಂತೆ ಎಂದಾಗ ಪರದೆಯನ್ನು ದೀಪಿಕಾಳ ಕಡೆಗೆ ತಿರುಗಿಸಿದಳು. ಕೆಟ್ಟ ಕಂಪ್ಯೂಟರಿನಿಂದ ಉಳಿಸಿಕೊಂಡ ಹಳೆಯದೆಲ್ಲ ಅದರಲ್ಲೇ ಇತ್ತು. ಎರಡಿಂಚು ಪೈಪು ಇದೆಯಾ, ಇದೆ, ಊಟ ಆಯ್ತಾ, ಏನು ಸಾರು, ಹುರುಳಿಕಾಳು. ತಳದಲ್ಲಿ ಎರಡು ಸಾಲು. ಹೇಮಶ್ರೀ ಬರೆದದ್ದು, ‘ಈ ಮದುವೆ ಬೇಡ.’ ಷಡಕ್ಷರಿ ಬರೆದದ್ದು, ‘ಯಾಕೆ?’

“ಅವ್ರಮ್ಮ ನನ್ನ ನೋಡಕ್ಕೆ ಬಂದಿದ್ರು,” ಎಂದಳು ಹೇಮಶ್ರೀ. “ಒಳ್ಳೆಯವ್ರೇ. ಹೊರಡೋವಾಗ ಬಾಗಿಲತ್ರ ನಿಂತು ಜೊತೇಲಿದ್ದ ತಮ್ಮ ತಂಗಿಗೆ ಮೆತ್ತಗೆ ಹೇಳಿದ್ರು, ರಾತ್ರಿ ಮಗು ಅತ್ರೆ ಇವ್ಳಿಗೆ ಹೆಂಗೆ ಗೊತ್ತಾಗುತ್ತೆ, ಅಂತ. ಕೇಳಲ್ವಲ್ಲ ಅಂತ ಮುಖ ಕೂಡ ತಿರುಗಿಸ್ಲಿಲ್ಲ. ನಂಗೆ ಪಿಸುಗುಟ್ಟಿದ್ರೂ ಒಂದೇ, ಕೂಗಿದ್ರೂ ಒಂದೇ ಮೇಡಂ. ತುಟಿ ಕಂಡ್ರೆ ಸಾಕು.”

“ಅವ್ರಿಗೆ ಇದನ್ನ ಹೇಳ್ಲಿಲ್ವಾ?”

“ಮಗನ ಹತ್ರ ಅಮ್ಮನ ಮೇಲೆ ದೂರು ಹೇಳಿ ಆ ಮನೆಗೆ ಹೆಂಗೆ ಕಾಲಿಡ್ಲಿ?” ಅವಳು ಪರದೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. “ಮೊಬೈಲಲ್ಲಿ ನಂಬರ್ ತೆಗೆದಾಕ್ಬಿಟ್ಟೆ. ಇದನ್ನ ತೆಗೆಯಕ್ಕಾಗ್ಲಿಲ್ಲ. ಇವತ್ತು ಬರೀತೀನಿ ಅಂತ ದಿನಾ ಓಪನ್ ಮಾಡ್ತೀನಿ. ಬರೆದ್ರೂ ಓದೋರ್ಯಾರು? ಅವ್ರು ಇದನ್ನ ಯಾವತ್ತೋ ಅಳಿಸಿರ್ತಾರೆ.”

“ಅಳಿಸಿಲ್ಲ,” ಎಂದಳು ದೀಪಿಕಾ.

ಹೇಮಶ್ರೀ ತಾನು ತಪ್ಪಾಗಿ ಓದಿದೆನೇನೋ ಎಂಬಂತೆ ಅವಳ ತುಟಿಗಳನ್ನೇ ನೋಡಿದಳು.

“ಅಳಿಸಿಲ್ಲ ಮೇಡಂ. ಅಲ್ಲೂ ದಿನಾ ಓಪನ್ ಆಗುತ್ತೆ. ಈಗ್ಲೂ ಓಪನ್ ಆಗೇ ಇದೆ.”

ಹೇಮಶ್ರೀ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಬರೆದಳು, ಅಳಿಸಿದಳು. ಉದ್ದಕ್ಕೆ ಏನೋ ಬರೆದು ಅದನ್ನೂ ಅಳಿಸಿದಳು. ಗಿರಾಕಿಯೊಬ್ಬ ಬಂದು ಕೌಂಟರಿನ ಮೇಲೆ ವಾಲ್ವು ಇಟ್ಟು ನಿಂತ. ಅವಳು ತಲೆ ಎತ್ತಲಿಲ್ಲ. ಕೊನೆಗೆ ಒಂದೇ ಸಾಲು ಉಳಿಯಿತು. ‘ರಾತ್ರಿ ಮಗು ಅತ್ತರೆ ನನ್ನ ಎಬ್ಬಿಸ್ತಿದ್ರಾ?’

ಕಳಿಸಿದ ಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ದೀಪಿಕಾ ಗಿರಾಕಿಗೆ ಸ್ವಲ್ಪ ತಾಳಿ ಎಂದು ಕೈಸನ್ನೆ ಮಾಡಿದಳು. ಹೊರಗೆ ಚೇಳೂರಿನ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ಬಹಳ ಹೊತ್ತಾಯಿತು.

ಉತ್ತರ ಬಂದಾಗ ಸದ್ದಾಗಲಿಲ್ಲ. ಸದ್ದು ಅವಳಿಗೆ ಉಪಯೋಗವಿಲ್ಲವೆಂದು ಷಡಕ್ಷರಿ ಅದಕ್ಕೆ ಬೆಳಕು ಇಟ್ಟಿದ್ದ. ಪರದೆಯ ಅಂಚೆಲ್ಲ ಒಮ್ಮೆ ಅರಿಶಿನದ ಬಣ್ಣದಲ್ಲಿ ಹೊಳೆಯಿತು.

‘ಎಬ್ಬಿಸ್ತಿರಲಿಲ್ಲ. ನಾನೇ ಎತ್ಕೊಂಡು ಓಡಾಡ್ತಿದ್ದೆ.’